ಹೆಸರನ್ನು ಕೊಡುವ ಮುನ್ನ: ಫ್ರಾಂಚೈಸಿ ಕರಾರುಗಳು ಕಲಿಸಿದ ಪಾಠಗಳು

ಒಂದು ಹೋಟೆಲು ಚೆನ್ನಾಗಿ ನಡೆಯತೊಡಗಿತೆಂದರೆ ಸ್ವಲ್ಪ ದಿನಕ್ಕೇ ಗಲ್ಲಾದ ಹಿಂದಿನ ಗೋಡೆಯ ಮೇಲೆ ‘ಫ್ರಾಂಚೈಸಿಗೆ ಸಂಪರ್ಕಿಸಿ’ ಎಂಬ ಫಲಕ ಬಂದಿರುತ್ತದೆ. ತಟ್ಟೆ ಇಡ್ಲಿ, ಬೆಣ್ಣೆ ದೋಸೆ, ದೊನ್ನೆ ಬಿರಿಯಾನಿ, ಫಿಲ್ಟರ್ ಕಾಫಿ, ಕಬ್ಬಿನ ಹಾಲು ಎಲ್ಲಕ್ಕೂ ಇದೇ ಕಥೆ. ಬ್ಯೂಟಿ ಪಾರ್ಲರು, ಅಬಾಕಸ್ ತರಗತಿಗಳೂ ಇದಕ್ಕೆ ಹೊರತಲ್ಲ. ನಾನು ಬೆಂಗಳೂರಿನಲ್ಲಿ ಟ್ರೇಡ್‌ಮಾರ್ಕ್ ವಿಷಯದಲ್ಲಿ ವಕೀಲಿಕೆ ಮಾಡುತ್ತೇನೆ. ಇಂಥ ಕರಾರುಗಳನ್ನು ಬರೆದಿದ್ದೇನೆ, ಮುರಿದುಬಿದ್ದವನ್ನು ಹಿಡಿದು ನ್ಯಾಯಾಲಯಕ್ಕೂ ಹೋಗಿದ್ದೇನೆ.

ಫ್ರಾಂಚೈಸಿಗೆಂದೇ ನಮ್ಮ ದೇಶದಲ್ಲಿ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಕಾಯ್ದೆ, 1999ರ ಟ್ರೇಡ್‌ಮಾರ್ಕ್ ಕಾಯ್ದೆ ಮತ್ತು ಇಬ್ಬರೂ ಕೂತು ಬರೆದುಕೊಂಡ ಕಾಗದ, ಇಷ್ಟರ ಮೇಲೆಯೇ ಇಡೀ ವ್ಯವಹಾರ ನಿಂತಿದೆ. ಅಂಗಡಿಯ ಬಾಡಿಗೆ, ಒಲೆ, ಗ್ರೈಂಡರು, ಕೆಲಸದವರ ಸಂಬಳ ಎಲ್ಲವನ್ನೂ ಫ್ರಾಂಚೈಸಿ ತೆಗೆದುಕೊಂಡವರೇ ಹೊಂದಿಸಿಕೊಳ್ಳುತ್ತಾರೆ. ಮಾಲೀಕರು ಕೊಡುವುದು ಹೆಸರು ಮತ್ತು ಅದರ ಹಿಂದಿನ ಕೆಲಸದ ಕ್ರಮ. ಆ ಹೆಸರೇ ಗಟ್ಟಿಯಿಲ್ಲದಿದ್ದರೆ ಕೊಟ್ಟದ್ದೇನು, ಲಕ್ಷಗಟ್ಟಲೆ ಹಣ ಪಡೆದದ್ದು ಯಾವುದಕ್ಕೆ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ಮುಂದಿನದನ್ನು ಬರೆದಿದ್ದೇನೆ.

1. ಅರ್ಜಿಯ ನಂಬರು ನೋಂದಣಿಯಲ್ಲ

ಆನ್‌ಲೈನಿನಲ್ಲಿ ಟಿಎಂ-ಎ ನಮೂನೆಯ ಅರ್ಜಿ ಹಾಕಿ ಶುಲ್ಕ ಕಟ್ಟಿದ ಕೂಡಲೇ ಒಂದು ನಂಬರು ಸಿಗುತ್ತದೆ. ‘ನಮ್ಮದು ರಿಜಿಸ್ಟರ್ ಆಗಿದೆ ಸರ್’ ಎಂದು ಬಹಳ ಜನ ನನಗೆ ತೋರಿಸಿರುವುದು ಈ ನಂಬರನ್ನೇ. ಅದು ಅರ್ಜಿ ಬಂದಿದೆ ಎಂಬುದಕ್ಕೆ ರಸೀದಿ, ಅಷ್ಟೆ. ಅದಾದ ಮೇಲೆ ಪರೀಕ್ಷಕರ ವರದಿ ಬರುತ್ತದೆ, ಅದರಲ್ಲಿ ಆಕ್ಷೇಪವಿದ್ದರೆ ತಿಂಗಳೊಳಗೆ ಉತ್ತರ ಕೊಡಬೇಕು. ಒಪ್ಪಿಗೆಯಾದರೆ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರು ಬೇಕಾದರೂ ತಕರಾರು ಹೂಡಬಹುದು. ಇಷ್ಟನ್ನೂ ದಾಟಿದ ಮೇಲೆಯೇ ಪ್ರಮಾಣಪತ್ರ ಕೈಗೆ ಬರುವುದು.

ನಮ್ಮ ಕಡೆಯವರು ಎಡವುವುದು ಹೆಚ್ಚಾಗಿ ತಕರಾರಿನ ಹಂತದಲ್ಲಿ. ತಕರಾರಿನ ಪ್ರತಿ ಕೈಸೇರಿದ ಎರಡು ತಿಂಗಳಲ್ಲಿ ಪ್ರತಿಹೇಳಿಕೆ ಸಲ್ಲಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆ ಎಂದು ಕಾಯ್ದೆಯೇ ಹೇಳುತ್ತದೆ. ಬೆಂಗಳೂರಿನಲ್ಲಿ ರಿಜಿಸ್ಟ್ರಿ ಕಚೇರಿಯಿಲ್ಲ, ಕರ್ನಾಟಕದ ಅರ್ಜಿಗಳನ್ನು ನೋಡಿಕೊಳ್ಳುವುದು ಚೆನ್ನೈ. ನೋಟಿಸು ಬರುವುದು ಅರ್ಜಿಯಲ್ಲಿ ಕೊಟ್ಟ ಇಮೇಲಿಗೆ. ಆ ಇಮೇಲು ಅರ್ಜಿ ತುಂಬಿಕೊಟ್ಟ ಏಜೆಂಟನದ್ದೋ, ಕೆಲಸ ಬಿಟ್ಟುಹೋದ ಅಕೌಂಟೆಂಟನದ್ದೋ ಆಗಿದ್ದರೆ ಎರಡು ತಿಂಗಳು ಸದ್ದಿಲ್ಲದೆ ಕಳೆದುಹೋಗುತ್ತದೆ. ಮಧ್ಯ ಕರ್ನಾಟಕದ ಒಂದು ಬೇಕರಿಗೆ ಹೀಗೇ ಆಯಿತು. ಅಷ್ಟು ಹೊತ್ತಿಗೆ ಅದು ಹಲವು ಊರುಗಳಲ್ಲಿ ಫ್ರಾಂಚೈಸಿ ಕೊಟ್ಟಾಗಿತ್ತು. ಕೊನೆಗೆ ಅಷ್ಟೂ ಅಂಗಡಿಗಳ ಬೋರ್ಡು, ಕೇಕಿನ ಡಬ್ಬಿ, ಬಿಲ್ಲಿನ ಕಾಗದ ಬದಲಾಯಿಸಬೇಕಾಯಿತು. ಅದರ ಖರ್ಚು ಯಾರ ತಲೆಯ ಮೇಲೆ ಎಂಬುದು ಕರಾರಿನಲ್ಲಿ ಇರಲೇ ಇಲ್ಲ.

ಅರ್ಜಿ ಬಾಕಿ ಇರುವಾಗ ಫ್ರಾಂಚೈಸಿ ಕೊಡಕೂಡದು ಎಂದು ಕಾನೂನು ಹೇಳುವುದಿಲ್ಲ. ಕೊಡುವುದೇ ಆದರೆ ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ಮುಚ್ಚಿಡದೆ ಕರಾರಿನಲ್ಲಿ ಬರೆಯಿರಿ. ಹೆಸರು ಬದಲಾಯಿಸುವ ಪ್ರಸಂಗ ಬಂದರೆ ಖರ್ಚು ಮಾಲೀಕರದ್ದೇ ಎಂಬುದನ್ನೂ ಬರೆಯಿರಿ. ನೋಂದಣಿಯಾಗುವ ತನಕ ಹೆಸರಿನ ಪಕ್ಕದಲ್ಲಿ ‘ಟಿಎಂ’ ಎಂದು ಹಾಕಬಹುದು. ವೃತ್ತದೊಳಗಿನ ‘ಆರ್’ ಗುರುತನ್ನು ಹಾಕುವಂತಿಲ್ಲ, ನೋಂದಣಿಯಾಗದ್ದನ್ನು ಆಗಿದೆಯೆಂದು ತೋರಿಸುವುದು 107ನೇ ಕಲಮಿನ ಪ್ರಕಾರ ತಪ್ಪು.

2. ಹೆಸರು ಯಾರ ಹೆಸರಿನಲ್ಲಿದೆ?

ಅಣ್ಣ ಶುರುಮಾಡಿದ ಹೋಟೆಲು, ತಮ್ಮ ಬೆಳೆಸಿದ ಹೋಟೆಲು, ಈಗ ಮಗ ‘ಪ್ರೈವೇಟ್ ಲಿಮಿಟೆಡ್’ ಮಾಡಿ ಫ್ರಾಂಚೈಸಿ ಕೊಡುತ್ತಿರುವ ಹೋಟೆಲು. ರಿಜಿಸ್ಟರಿನಲ್ಲಿ ಮಾತ್ರ ಹೆಸರು ಇನ್ನೂ ದೊಡ್ಡಪ್ಪನ ಸ್ವಂತ ಹೆಸರಿನಲ್ಲೇ ಇರುತ್ತದೆ. ಫ್ರಾಂಚೈಸಿ ಕರಾರಿಗೆ ಸಹಿ ಹಾಕುವುದು ಕಂಪನಿ, ಆದರೆ ಕಂಪನಿಗೆ ಆ ಹೆಸರಿನ ಮೇಲೆ ಬರವಣಿಗೆಯ ಹಕ್ಕೇ ಇರುವುದಿಲ್ಲ. ಮನೆಯೊಳಗೆ ಎಲ್ಲ ಚೆನ್ನಾಗಿರುವ ತನಕ ಯಾರೂ ಕೇಳುವುದಿಲ್ಲ. ಪಾಲಾಗುವ ದಿನ ದೊಡ್ಡಪ್ಪನ ಮಕ್ಕಳ ಕಡೆಯಿಂದ ಎಲ್ಲ ಫ್ರಾಂಚೈಸಿಗಳಿಗೂ ನೋಟಿಸು ಹೋಗುತ್ತದೆ. ದೊಡ್ಡಪ್ಪ ಬದುಕಿರುವಾಗಲೇ ಹಸ್ತಾಂತರ ಪತ್ರ ಮಾಡಿಸಿ ಟಿಎಂ-ಪಿ ನಮೂನೆಯಲ್ಲಿ ರಿಜಿಸ್ಟ್ರಿಯಲ್ಲಿ ದಾಖಲು ಮಾಡಿಸಿ. ಕೊಡಲು ಅವರಿಗೆ ಮನಸ್ಸಿಲ್ಲದಿದ್ದರೆ ಕಡೆಗೆ ಕಂಪನಿಗೆ ಲೈಸೆನ್ಸಾದರೂ ಬರೆದುಕೊಡಲಿ, ಅದರಲ್ಲಿ ಮತ್ತೊಬ್ಬರಿಗೆ ಉಪ-ಲೈಸೆನ್ಸ್ ಕೊಡುವ ಅಧಿಕಾರವೂ ಇರಲಿ.

ಲೋಗೋ ಬರೆದುಕೊಟ್ಟ ಕಲಾವಿದರದ್ದು ಇನ್ನೊಂದು ವಿಷಯ. ಹಣ ಕೊಟ್ಟ ಮಾತ್ರಕ್ಕೆ ಚಿತ್ರದ ಕೃತಿಸ್ವಾಮ್ಯ ನಿಮಗೆ ಬಂತು ಎಂದು ನಂಬಿ ಕೂರಬೇಡಿ, ಬರಹದಲ್ಲಿ ವರ್ಗಾವಣೆ ಮಾಡಿಸಿಕೊಳ್ಳಿ. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಕೃತಿಸ್ವಾಮ್ಯ ಕಾಯ್ದೆ ಅದನ್ನು ಐದು ವರ್ಷಕ್ಕೆ ಮಾತ್ರವೆಂದು ಎಣಿಸುತ್ತದೆ.

3. ಎಲ್ಲರ ಹೆಸರನ್ನು ಒಬ್ಬರು ಕೊಡಲಾಗದು

‘ಉಡುಪಿ’, ‘ಮೈಸೂರು’, ‘ದರ್ಶಿನಿ’, ‘ಬೆಣ್ಣೆ ದೋಸೆ’. ಇವೆಲ್ಲ ಗಿರಾಕಿಯನ್ನು ಒಳಗೆ ಕರೆತರುವ ಪದಗಳು, ನಿಜ. ಆದರೆ ಊರನ್ನೂ ತಿಂಡಿಯನ್ನೂ ಹೇಳುವ ಪದಗಳನ್ನು ಒಬ್ಬರಿಗೇ ಬಿಟ್ಟುಕೊಡಲು ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಕಲಮು ಸುಲಭವಾಗಿ ಒಪ್ಪುವುದಿಲ್ಲ. ಚಿತ್ರ, ಅಕ್ಷರವಿನ್ಯಾಸ ಸೇರಿಸಿ ಲೋಗೋ ನೋಂದಾಯಿಸಿಕೊಂಡರೂ ಎದುರುಗಡೆಯವರು ‘ಉಡುಪಿ’ ಎಂದು ಬರೆದುಕೊಳ್ಳುವುದನ್ನು ತಡೆಯಲಾಗದು. ಫ್ರಾಂಚೈಸಿ ಕೊಡುವ ಯೋಚನೆ ಇರುವವರು ಮೊದಲ ದಿನವೇ ಸ್ವಂತದ್ದೊಂದು ಹೆಸರು ಆರಿಸಿಕೊಳ್ಳಬೇಕು. ಅದು ತಿಂಡಿಯ ಹೆಸರೂ ಅಲ್ಲದ, ಊರಿನ ಹೆಸರೂ ಅಲ್ಲದ ಹೆಸರಾಗಿರಲಿ.

ಧಾರವಾಡ ಪೇಡೆಯದು ಇನ್ನೂ ಸೂಕ್ಷ್ಮ. ಅದು ಭೌಗೋಳಿಕ ಸೂಚಕವಾಗಿ, ಅಂದರೆ ಜಿಐ ಆಗಿ ನೋಂದಣಿಯಾದ ಹೆಸರು. ಜಿಐ ಹಕ್ಕನ್ನು ಮಾರುವುದು, ಲೈಸೆನ್ಸ್ ಕೊಡುವುದು, ಒತ್ತೆ ಇಡುವುದು ಯಾವುದೂ ನಡೆಯದು ಎಂದು ಜಿಐ ಕಾಯ್ದೆಯ 24ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಪೇಡೆಯಂಗಡಿಯ ಫ್ರಾಂಚೈಸಿ ಕೊಡುವಾಗ ಕೊಡಬಹುದಾದದ್ದು ಅಂಗಡಿಯ ಹೆಸರನ್ನು ಮಾತ್ರ. ‘ಧಾರವಾಡ ಪೇಡೆ’ ಎಂಬ ಹೆಸರು ಆ ಪ್ರದೇಶದ ಎಲ್ಲ ತಯಾರಕರಿಗೂ ಸೇರಿದ್ದು. ಕೋಲಾರದಲ್ಲೋ ಚೆನ್ನೈಯಲ್ಲೋ ಅಂಗಡಿ ತೆರೆದವರು ಅಲ್ಲೇ ಹಾಲು ಕಾಯಿಸಿ ಮಾಡಿದ ಪೇಡೆಗೆ ಆ ಹೆಸರು ಹಚ್ಚಿದರೆ ಅದು ಧಾರವಾಡದವರಿಗೆ ಮಾಡಿದ ಅನ್ಯಾಯ. ಪೇಡೆ ಧಾರವಾಡದಿಂದಲೇ ಬರಬೇಕು ಎಂಬ ಷರತ್ತನ್ನು ಕರಾರಿನಲ್ಲಿ ಬರೆಯದೆ ನಾನು ಅಂಥ ಕಾಗದ ಮುಗಿಸುವುದಿಲ್ಲ.

4. ವರ್ಗಗಳಲ್ಲಿ ಜಿಪುಣತನ ಬೇಡ

ಸರಕು ಮತ್ತು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಹೋಟೆಲು 43ನೇ ವರ್ಗಕ್ಕೆ ಸೇರುತ್ತದೆ. ಅದೇ ಹೆಸರಿನಲ್ಲಿ ಕಾಫಿಪುಡಿ, ಸಾಂಬಾರು ಪುಡಿ, ಕೇಕು ಮಾರಿದರೆ 30. ತುಪ್ಪ, ಉಪ್ಪಿನಕಾಯಿ 29. ಪಾನಕ, ಹಣ್ಣಿನ ರಸ 32. ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ, ಸ್ಟಾರ್ಟಪ್‌ಗಳಿಗೆ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಒಂದು ಮಳಿಗೆಯ ಒಳಾಂಗಣಕ್ಕೆ ಹತ್ತಾರು ಲಕ್ಷ ಸುರಿಯುವವರು ಇಲ್ಲಿ ಒಂದು ವರ್ಗ ಉಳಿಸಲು ನೋಡುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಒಂದೇ ಹೆಸರು ಬೇರೆ ಬೇರೆ ವರ್ಗಗಳಲ್ಲಿ ಬೇರೆ ಬೇರೆ ಕೈಗಳಲ್ಲಿ ಇರಬಹುದು ಎಂಬುದನ್ನು ಕನ್ನಡಿಗರಿಗೆ ದೂರದಿಂದ ತಂದು ತೋರಿಸಬೇಕಿಲ್ಲ. 1924ರಲ್ಲಿ ಶುರುವಾದ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್, ಇವತ್ತಿಗೂ ಮಯ್ಯ ಕುಟುಂಬದ ಹೋಟೆಲು. ಆದರೆ ಪುಡಿ, ರೆಡಿಮಿಕ್ಸ್ ಮಾರುವ ಎಂಟಿಆರ್ ಫುಡ್ಸ್ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಹೀಗೆ ಒಪ್ಪಂದದಿಂದ ಬೇರೆಯಾಗುವುದು ಒಂದು ಬಗೆ, ವ್ಯಾಜ್ಯದಿಂದ ಗೆರೆ ಬೀಳುವುದು ಇನ್ನೊಂದು ಬಗೆ.

ಎರಡನೆಯದಕ್ಕೆ ನಂದಿನಿ ಪ್ರಕರಣ ನೋಡಿ. ಕರ್ನಾಟಕ ಹಾಲು ಮಹಾಮಂಡಳಿ ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿದೆ. ‘ನಂದಿನಿ ಡೀಲಕ್ಸ್’ ಹೋಟೆಲಿನವರು 1989ರಲ್ಲಿ ಶುರುಮಾಡಿದವರು. ಹೋಟೆಲಿನವರು 29 ಮತ್ತು 30ನೇ ವರ್ಗಗಳ ತಿನಿಸುಗಳಿಗೆ ಅರ್ಜಿ ಹಾಕಿದಾಗ ಮಹಾಮಂಡಳಿ ತಕರಾರು ಎತ್ತಿತು. ರಿಜಿಸ್ಟ್ರಿ, ಮೇಲ್ಮನವಿ ಮಂಡಳಿ, ಹೈಕೋರ್ಟ್ ದಾಟಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಜುಲೈನಲ್ಲಿ ತೀರ್ಪು ಬಂತು. ನಂದಿನಿ ಎಂಬುದು ಪುರಾಣದ ಹಸುವಿನ ಹೆಸರು, ಯಾರೋ ಹೊಸದಾಗಿ ಕಟ್ಟಿದ ಪದವಲ್ಲ, ಎರಡೂ ಗುರುತುಗಳು ನೋಡಲು ಬೇರೆ, ವ್ಯಾಪಾರವೂ ಬೇರೆ ಎಂದ ನ್ಯಾಯಾಲಯ ಹೋಟೆಲಿನವರಿಗೆ ನೋಂದಣಿ ಉಳಿಸಿಕೊಟ್ಟಿತು, ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಮಾತ್ರ ಹೊರಗಿಟ್ಟಿತು. ಒಂದೇ ವರ್ಗದೊಳಗೂ ಸರಕಿನ ಪಟ್ಟಿಗೆ ಕತ್ತರಿ ಬೀಳಬಹುದು ಎಂಬುದನ್ನು ಇಲ್ಲಿ ಗಮನಿಸಬೇಕು. ಫ್ರಾಂಚೈಸಿಗೆ ಮೆನು ಕಾರ್ಡು ಕಳಿಸುವ ಮುನ್ನ ಪ್ರಮಾಣಪತ್ರದಲ್ಲಿರುವ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಓದುವುದನ್ನು ಅಭ್ಯಾಸ ಮಾಡಿಕೊಳ್ಳಿ.

5. ಕನ್ನಡ ಅಕ್ಷರದಲ್ಲೂ ನೋಂದಾಯಿಸಿ

ಕರ್ನಾಟಕದಲ್ಲಿ ಅಂಗಡಿ ಫಲಕದ ಶೇಕಡ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಅಂದಮೇಲೆ ಗಿರಾಕಿ ಬೀದಿಯಿಂದ ನೋಡುವ ಗುರುತು ಕನ್ನಡದ್ದೇ. ಹಾಗಿದ್ದೂ ಬಹಳ ಜನರ ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಲೋಗೋ ಮಾತ್ರ ಇರುತ್ತದೆ. ಕನ್ನಡ ಫಲಕವನ್ನು ಪ್ರತಿ ಊರಿನ ಪೇಂಟರು ತನಗೆ ತೋಚಿದಂತೆ ಬರೆಯುತ್ತಾನೆ. ಕನ್ನಡ ಅಕ್ಷರವಿನ್ಯಾಸವನ್ನು ಒಂದೇ ಸಲ ಚೆನ್ನಾಗಿ ಬರೆಸಿ, ಅದಕ್ಕೂ ಅರ್ಜಿ ಹಾಕಿ. ಅಕ್ಷರ ಕನ್ನಡದ್ದಾದರೆ ಅದರ ಉಚ್ಚಾರಣೆ ಮತ್ತು ಅರ್ಥವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಅರ್ಜಿಯಲ್ಲಿ ಕೊಡಬೇಕಾಗುತ್ತದೆ, ಅದು ದೊಡ್ಡ ಕೆಲಸವಲ್ಲ.

6. ಬಾಯಿಮಾತಿನ ಲೈಸೆನ್ಸಿಗೆ ಬೆಲೆಯಿಲ್ಲ

‘ನಮ್ಮ ಬಾಮೈದನೇ ತಾನೆ, ಕಾಗದ ಯಾಕೆ’ ಎಂದು ಶುರುವಾದ ಬ್ರಾಂಚುಗಳ ಜಗಳವೇ ನನ್ನ ಬಳಿ ಹೆಚ್ಚು ಬಂದಿರುವುದು. ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ, ನೋಂದಾಯಿತ ಬಳಕೆದಾರರಲ್ಲದವರ ಬಳಕೆಯನ್ನು ‘ಅನುಮತಿಸಿದ ಬಳಕೆ’ ಎಂದು ಒಪ್ಪಬೇಕಾದರೆ ಮಾಲೀಕರ ಒಪ್ಪಿಗೆ ಲಿಖಿತ ಕರಾರಿನಲ್ಲೇ ಇರಬೇಕು. ಹಾಗಿದ್ದರೆ ಫ್ರಾಂಚೈಸಿಯ ಬಳಕೆಯೂ ಮಾಲೀಕರ ಬಳಕೆಯೇ ಎಂದು ಲೆಕ್ಕ. ಇದು ಸಣ್ಣ ವಿಷಯವಲ್ಲ. ಸತತ ಐದು ವರ್ಷ ಬಳಸದ ಗುರುತನ್ನು ರಿಜಿಸ್ಟರಿನಿಂದ ತೆಗೆಸಲು ಬೇರೆಯವರು ಅರ್ಜಿ ಹಾಕಬಹುದು. ಮಾಲೀಕರು ತಾವೇ ಅಂಗಡಿ ನಡೆಸುವುದು ನಿಲ್ಲಿಸಿ ಫ್ರಾಂಚೈಸಿಗಳನ್ನೇ ನೆಚ್ಚಿಕೊಂಡಿದ್ದರೆ ಆಗ ಅವರನ್ನು ಉಳಿಸುವುದು ಈ ಲಿಖಿತ ಕರಾರು.

ಟಿಎಂ-ಯು ನಮೂನೆಯಲ್ಲಿ ಫ್ರಾಂಚೈಸಿಯನ್ನು ‘ನೋಂದಾಯಿತ ಬಳಕೆದಾರ’ ಎಂದೂ ದಾಖಲಿಸಬಹುದು. ಇಬ್ಬರೂ ಸೇರಿ, ಕರಾರಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಕಡ್ಡಾಯವಿಲ್ಲ. ಆದರೆ ನಕಲಿ ಅಂಗಡಿ ಎದ್ದಾಗ ನೋಂದಾಯಿತ ಬಳಕೆದಾರರು ತಾವೇ ದಾವೆ ಹೂಡಬಹುದು, ಬರೀ ಅನುಮತಿ ಪಡೆದವರಿಗೆ ಆ ಹಕ್ಕಿಲ್ಲ. ಚಿಕ್ಕ ಮಳಿಗೆಗೆ ಇದರ ಅಗತ್ಯವಿಲ್ಲ. ಇಡೀ ಉತ್ತರ ಕರ್ನಾಟಕವನ್ನೋ ಒಂದು ರಾಜ್ಯವನ್ನೋ ಒಬ್ಬರಿಗೆ ಒಪ್ಪಿಸುವಾಗ ಮಾಡಿಸಿ.

ಇನ್ನು ಛಾಪಾ ಕಾಗದ. ಸರಿಯಾದ ಮುದ್ರಾಂಕ ಶುಲ್ಕ ಕಟ್ಟದ ಕರಾರನ್ನು ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವ ಮುನ್ನ ದಂಡ ಕಟ್ಟಿಸಿಕೊಳ್ಳುತ್ತದೆ. ತುರ್ತಾಗಿ ತಡೆಯಾಜ್ಞೆ ಬೇಕಾದ ದಿನ ಈ ಒಂದು ಕಾರಣಕ್ಕೆ ವಾರಗಟ್ಟಲೆ ಕಳೆದುಹೋಗಬಹುದು.

7. ಗುಣಮಟ್ಟ ನೋಡಿಕೊಳ್ಳದ ಮಾಲೀಕರಿಗೆ ಹೆಸರೂ ಉಳಿಯುವುದಿಲ್ಲ

ಈ ಪಾಠವನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಫ್ರಾಂಚೈಸಿ ಶುಲ್ಕ ಪಡೆದು, ಉದ್ಘಾಟನೆಗೆ ಬಂದು ದೀಪ ಹಚ್ಚಿ ಹೋದ ಮಾಲೀಕರು ಮತ್ತೆ ಆ ಕಡೆ ತಲೆಹಾಕದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದು ಬರೀ ಹೊಣೆಗೇಡಿತನವಲ್ಲ, ಕಾನೂನಿನ ದೃಷ್ಟಿಯಿಂದಲೂ ಅಪಾಯ.

1993ರಲ್ಲಿ ಪಾರ್ಲೆಯ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಮೊದಲಾದ ಹೆಸರುಗಳನ್ನು ಕೋಕಾ ಕೋಲಾ ಕೊಂಡಿತು. ಅವುಗಳನ್ನು ಬಾಟಲಿಗೆ ತುಂಬಿಸುತ್ತಿದ್ದ ಗುಜರಾತ್ ಬಾಟ್ಲಿಂಗ್ ಕಂಪನಿಯ ಷೇರುಗಳು 1995ರಲ್ಲಿ ಪೆಪ್ಸಿ ಕಡೆಗೆ ಹೋದಾಗ ವ್ಯಾಜ್ಯ ಹುಟ್ಟಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಮ್ಮ ಕಸುಬಿನಲ್ಲಿ ದಿನವೂ ಕೈಗೆತ್ತಿಕೊಳ್ಳುವಂಥದ್ದು. ಲೈಸೆನ್ಸ್ ಕೊಡಬಹುದು, ಆದರೆ ಅದರಿಂದ ಜನ ಮೋಸಹೋಗಬಾರದು, ಗುರುತಿನ ವಿಶಿಷ್ಟತೆ ಅಳಿಯಬಾರದು, ಸರಕಿಗೂ ಗುರುತಿನ ಮಾಲೀಕರಿಗೂ ವ್ಯಾಪಾರದ ನಂಟು ಕಡಿಯಬಾರದು ಎಂಬುದು ಅದರ ಸಾರ. ಹೋಟೆಲಿನಲ್ಲಿ ಈ ನಂಟು ಎಂದರೆ ಏನು? ಸಾಂಬಾರು ಪುಡಿ ಮಾಲೀಕರ ಸೆಂಟ್ರಲ್ ಕಿಚನ್ನಿನಿಂದಲೇ ಹೋಗುವುದು, ಹಿಟ್ಟಿನ ಹದವನ್ನು ತೂಕ–ಸಮಯ ಸಮೇತ ಬರೆದು ಕೊಡುವುದು, ಭಟ್ಟರಿಗೆ ಮೂಲ ಹೋಟೆಲಿನಲ್ಲೇ ತರಬೇತಿ ಕೊಡುವುದು, ಹೇಳದೆ ಕೇಳದೆ ಹೋಗಿ ತಿಂದು ನೋಡುವುದು.

ತಿಂದು ನೋಡಿದ್ದನ್ನು ಬರೆದಿಡಬೇಕು. ದಿನಾಂಕ ಹಾಕಿ, ಕಂಡ ಕುಂದು ಬರೆದು, ಸರಿಪಡಿಸಲು ಗಡುವು ಕೊಟ್ಟು, ಇಬ್ಬರ ಸಹಿಯಿರುವ ಒಂದು ಹಾಳೆ ಸಾಕು. ಮುಂದೆ ಕರಾರು ರದ್ದುಮಾಡುವ ಪರಿಸ್ಥಿತಿ ಬಂದರೆ ನ್ಯಾಯಾಧೀಶರು ಕೇಳುವುದು ಇದನ್ನೇ. ‘ರುಚಿ ಕೆಟ್ಟಿತ್ತು ಸ್ವಾಮಿ’ ಎಂದರೆ ಆಗದು. ನಾನು ನೋಡಿದ ಒಂದು ಪ್ರಕರಣದಲ್ಲಿ ಎರಡು ವರ್ಷದ ತಪಾಸಣೆ ಹಾಳೆಗಳನ್ನು ಜೋಪಾನವಾಗಿಟ್ಟಿದ್ದ ಕಾಫಿ ಅಂಗಡಿಯವರಿಗೆ ಮೊದಲ ವಿಚಾರಣೆಯಲ್ಲೇ ತಡೆಯಾಜ್ಞೆ ಸಿಕ್ಕಿತು. ಪ್ರತಿ ತಿಂಗಳೂ ಖುದ್ದಾಗಿ ಮಳಿಗೆ ನೋಡಿಕೊಂಡು ಬಂದು ಒಂದು ಸಾಲನ್ನೂ ಬರೆದಿಡದಿದ್ದ ಇನ್ನೊಬ್ಬರಿಗೆ ಸಿಗಲಿಲ್ಲ.

ಎಫ್‌ಎಸ್‌ಎಸ್‌ಎಐ ಪರವಾನಗಿ ಪ್ರತಿ ಅಡುಗೆಮನೆಗೂ ಬೇರೆ, ಅದು ಅಂಗಡಿ ನಡೆಸುವವರ ಹೆಸರಿನಲ್ಲೇ ಇರಬೇಕು. ಹಾಗೆಂದು ಊಟ ಕೆಟ್ಟು ಯಾರೋ ಆಸ್ಪತ್ರೆ ಸೇರಿದರೆ ಜನ ಬೈಯುವುದು ಬೋರ್ಡಿನ ಮೇಲಿರುವ ಹೆಸರನ್ನೇ. ಅವರು ನಂಬಿ ಬಂದದ್ದು ಆ ಹೆಸರನ್ನು, ಆದ್ದರಿಂದ ಬೈಯುವುದು ನ್ಯಾಯವೇ.

8. ಬಿಡುವ ದಿನದ ಬಗ್ಗೆ ಸೇರುವ ದಿನವೇ ಬರೆಯಿರಿ

ಕರಾರು ಮುಗಿದ ಮೇಲೂ ಬೋರ್ಡು ಇಳಿಸದ ಫ್ರಾಂಚೈಸಿ ಎಲ್ಲರಿಗೂ ಪರಿಚಿತ. 2017ರ ಆಗಸ್ಟಿನಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ಉತ್ತರ ಮತ್ತು ಪೂರ್ವ ಭಾರತದ 169 ಮಳಿಗೆಗಳ ಫ್ರಾಂಚೈಸಿಯನ್ನು ರದ್ದು ಮಾಡಿತು. ವ್ಯಾಜ್ಯ ಎಳೆದು ಎಳೆದು 2019ರ ಮೇ ತಿಂಗಳಲ್ಲಿ ರಾಜಿಯಾಯಿತು. ಅಷ್ಟು ದೊಡ್ಡ ಕಂಪನಿಗೇ ಹೀಗಾದರೆ ನಮ್ಮ ಊರಿನ ಹೋಟೆಲಿನವರ ಪಾಡು ಊಹಿಸಿಕೊಳ್ಳಿ.

ನಾನು ಬರೆಯುವ ಕರಾರುಗಳಲ್ಲಿ ಈ ಭಾಗವೇ ಎಲ್ಲಕ್ಕಿಂತ ಉದ್ದ. ಬೋರ್ಡು, ಮೆನು, ಸಮವಸ್ತ್ರ, ಬಿಲ್ಲು, ಕಾಗದದ ಲೋಟ, ಡಬ್ಬಿ ಎಲ್ಲವನ್ನೂ ಇಷ್ಟು ದಿನದೊಳಗೆ ತೆಗೆಯಬೇಕು ಎಂದು ಒಂದೊಂದನ್ನೂ ಹೆಸರಿಸಿ ಬರೆಯುತ್ತೇನೆ. ಸ್ವಿಗ್ಗಿ, ಝೊಮ್ಯಾಟೊ ಖಾತೆ, ಗೂಗಲ್ ನಕ್ಷೆಯಲ್ಲಿರುವ ಅಂಗಡಿಯ ಪುಟ, ಇನ್‌ಸ್ಟಾಗ್ರಾಂ ಪುಟ, ಬುಕಿಂಗ್ ಫೋನ್ ನಂಬರು ಮೊದಲ ದಿನದಿಂದಲೇ ಮಾಲೀಕರ ಹಿಡಿತದಲ್ಲಿರಲಿ. ಈ ಕಾಲದಲ್ಲಿ ಬೀದಿಯ ಬೋರ್ಡು ಇಳಿದರೂ ಫೋನಿನೊಳಗಿನ ಬೋರ್ಡು ಇಳಿಯದಿದ್ದರೆ ಪ್ರಯೋಜನವಿಲ್ಲ. ಕಟ್ಟಡದ ಮಾಲೀಕರಿಂದಲೂ ಒಂದು ಪತ್ರ ಪಡೆಯಿರಿ. ಫ್ರಾಂಚೈಸಿ ರದ್ದಾದರೆ ಒಳಗೆ ಹೋಗಿ ಬೋರ್ಡು ತೆಗೆಯಲು ಅವರ ಒಪ್ಪಿಗೆ ಅದರಲ್ಲಿರಲಿ.

‘ಬಿಟ್ಟ ಮೇಲೆ ಐದು ವರ್ಷ ಹೋಟೆಲೇ ನಡೆಸಬಾರದು ಎಂದು ಬರೆಯಿರಿ’ ಎಂದು ಬಹಳ ಮಾಲೀಕರು ಕೇಳುತ್ತಾರೆ. ನಾನು ಬರೆಯುವುದಿಲ್ಲ. ಕರಾರು ಜಾರಿಯಲ್ಲಿರುವಾಗ ಪೈಪೋಟಿಯ ವ್ಯಾಪಾರ ಮಾಡಬಾರದೆಂಬ ಷರತ್ತು ನಿಲ್ಲುತ್ತದೆ ಎಂದು ಅದೇ ಗುಜರಾತ್ ಬಾಟ್ಲಿಂಗ್ ತೀರ್ಪು ಹೇಳಿದೆ. ಮುಗಿದ ಮೇಲಿನ ನಿರ್ಬಂಧ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲದು. ಅದು ಹಾಗಿರುವುದೇ ಸರಿ, ಕಸುಬು ಕಲಿತವರ ಹೊಟ್ಟೆಪಾಡಿಗೆ ಕಲ್ಲು ಹಾಕಬಾರದು. ಹೆಸರು ಬಳಸಬಾರದು, ಅದನ್ನು ಹೋಲುವ ಹೆಸರು ಇಡಬಾರದು, ಗುಟ್ಟಾಗಿ ಕೊಟ್ಟ ಪಾಕವಿಧಾನವನ್ನು ಮತ್ತೊಬ್ಬರಿಗೆ ದಾಟಿಸಬಾರದು. ಇಷ್ಟನ್ನು ಬಿಗಿಯಾಗಿ ಬರೆದರೆ ಸಾಕು.

9. ರಾಯಲ್ಟಿಯನ್ನು ಬಿಡಿಸಿ ಬರೆಯಿರಿ

ಆರಂಭದ ಶುಲ್ಕ, ತಿಂಗಳ ರಾಯಲ್ಟಿ, ಜಾಹೀರಾತಿನ ಪಾಲು, ಡೆಪಾಸಿಟ್ ಇವು ನಾಲ್ಕೂ ಬೇರೆ ಬೇರೆ. ರಾಯಲ್ಟಿ ಮಾರಾಟದ ಮೇಲೋ ಲಾಭದ ಮೇಲೋ, ಸ್ವಿಗ್ಗಿಯವರ ಕಮಿಷನ್ ಕಳೆಯುವ ಮೊದಲೋ ನಂತರವೋ ಎಂಬುದು ಬರಹದಲ್ಲಿರಲಿ. ರಾಯಲ್ಟಿಗೆ ಜಿಎಸ್‌ಟಿ ಸೇರುತ್ತದೆ, ಟಿಡಿಎಸ್ ಕಡಿತವೂ ಆಗಬಹುದು. ಸಹಿಗೆ ಮುಂಚೆ ಇಬ್ಬರ ಲೆಕ್ಕಪರಿಶೋಧಕರೂ ಒಮ್ಮೆ ಕೂತು ಮಾತಾಡಲಿ.

10. ದುಬೈ, ಸಿಂಗಪುರ, ಅಮೆರಿಕಕ್ಕೆ ಹೋಗುವವರಿಗೆ

ಇಲ್ಲಿನ ನೋಂದಣಿಗೆ ಗಡಿಯಾಚೆ ಬಲವಿಲ್ಲ. ಇಲ್ಲಿ ಅರ್ಜಿ ಹಾಕಿದ ಆರು ತಿಂಗಳೊಳಗೆ ಹೊರದೇಶದಲ್ಲೂ ಹಾಕಿದರೆ ಇಲ್ಲಿನ ದಿನಾಂಕದ ಆದ್ಯತೆ ಅಲ್ಲೂ ಸಿಗುತ್ತದೆ. ಭಾರತ 2013ರ ಜುಲೈನಲ್ಲಿ ಮ್ಯಾಡ್ರಿಡ್ ವ್ಯವಸ್ಥೆಗೆ ಸೇರಿತು, ಯುಎಇ 2021ರ ಡಿಸೆಂಬರಿನಲ್ಲಿ. ಹಾಗಾಗಿ ಒಂದೇ ಅಂತರರಾಷ್ಟ್ರೀಯ ಅರ್ಜಿಯಲ್ಲಿ ಹಲವು ದೇಶಗಳನ್ನು ಕೇಳಬಹುದು. ಆದರೆ ಮೊದಲ ಐದು ವರ್ಷದೊಳಗೆ ಇಲ್ಲಿನ ಮೂಲ ಅರ್ಜಿಯೋ ನೋಂದಣಿಯೋ ಬಿದ್ದುಹೋದರೆ ಅದನ್ನು ನೆಚ್ಚಿಕೊಂಡ ಹೊರದೇಶದ ರಕ್ಷಣೆಯೂ ಬೀಳುತ್ತದೆ. ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವವರು ಸಹಿಗೆ ಅಥವಾ ಹಣ ಪಡೆಯುವುದಕ್ಕೆ ಕನಿಷ್ಠ 14 ದಿನ ಮುಂಚೆ ವಿವರವಾದ ಮಾಹಿತಿ ದಾಖಲೆ ಕೊಡಲೇಬೇಕು. ಟ್ರೇಡ್‌ಮಾರ್ಕಿನ ಸ್ಥಿತಿಗತಿಯೂ ಅದರಲ್ಲಿರಬೇಕು. ಇಂಥ ಕಡ್ಡಾಯ ನಮ್ಮಲ್ಲೂ ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

11. ಫ್ರಾಂಚೈಸಿ ತೆಗೆದುಕೊಳ್ಳುವವರಿಗೆ

ನನ್ನ ಕಕ್ಷಿದಾರರಲ್ಲಿ ಮಾಲೀಕರೇ ಹೆಚ್ಚು. ಆದರೂ ನನ್ನ ನಿದ್ದೆ ಕೆಡಿಸಿರುವುದು ಎದುರು ಕೂತವರ ಕಥೆ. ನಿವೃತ್ತಿಯ ಹಣ ತಂದ ಮೇಷ್ಟ್ರು, ಒಡವೆ ಅಡವಿಟ್ಟ ದಂಪತಿ, ತೋಟ ಮಾರಿದ ಹುಡುಗ. ಅವರು ಹಣ ಹಾಕುವುದು ಗಲ್ಲಾದ ಮುಂದಿನ ಜನಜಂಗುಳಿ ನೋಡಿ. ಹೆಸರಿನ ಕಾಗದ ತೋರಿಸಿ ಎಂದು ಕೇಳಲು ಸಂಕೋಚಪಡುತ್ತಾರೆ. ಸಂಕೋಚ ಬೇಡ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಅರ್ಜಿಯ ನಂಬರು ಹಾಕಿದರೆ ಅದರ ಸ್ಥಿತಿಯನ್ನು ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ‘ರಿಜಿಸ್ಟರ್ಡ್’ ಎಂದಿದ್ದರೆ ಸರಿ. ‘ಆಬ್ಜೆಕ್ಟೆಡ್’ ಎಂದಿದ್ದರೆ ಪರೀಕ್ಷಕರ ಆಕ್ಷೇಪವಿದೆ. ‘ಅಪೋಸ್ಡ್’ ಎಂದಿದ್ದರೆ ಹೊರಗಿನವರ ತಕರಾರಿದೆ, ಅದು ಇತ್ಯರ್ಥವಾಗಲು ವರ್ಷಗಳೇ ಹಿಡಿಯಬಹುದು. ಅಲ್ಲಿರುವ ಮಾಲೀಕರ ಹೆಸರೂ ನಿಮ್ಮ ಕರಾರಿಗೆ ಸಹಿ ಹಾಕುವವರ ಹೆಸರೂ ಒಂದೇ ಆಗಿದೆಯೇ ನೋಡಿ. ಯಾವ ವರ್ಗ, ಯಾವ ಸರಕು ಎಂದು ನೋಡಿ. ನೋಂದಣಿಗೆ ಹತ್ತು ವರ್ಷದ ಆಯುಸ್ಸು, ನವೀಕರಣದ ದಿನಾಂಕ ನಿಮ್ಮ ಕರಾರಿನ ನಡುವೆ ಬಂದರೆ ಅದನ್ನು ಮಾಲೀಕರು ಮಾಡಿಸತಕ್ಕದ್ದು ಎಂದು ಬರೆಸಿಕೊಳ್ಳಿ. ಆ ಪುಟವನ್ನು ಮುದ್ರಿಸಿ, ದಿನಾಂಕ ಹಾಕಿ, ಕರಾರಿನ ಹಿಂದೆ ಲಗತ್ತಿಸಿ ಇಬ್ಬರೂ ಸಹಿ ಮಾಡಿ. ಮುಂಗಡದ ಚೆಕ್ಕು ಅದಾದ ಮೇಲೆ ಬರೆದರಾಯಿತು.